ಹಳೇ ಬ್ಯಾಂಕಿನ ಹಣ, ಹಳೇ ಕಂಪನಿಯ ಷೇರು: ಕಮಿಷನ್ ಕೊಡದೆ ಪಡೆಯುವ ದಾರಿ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಅವುಗಳ ಉತ್ತರವೂ ಕೊನೆಯಲ್ಲಿವೆ.)

ಮನೆಯ ಹಿರಿಯರು ತೀರಿಕೊಂಡ ಮೇಲೆ ಬೀರು ತೆಗೆದರೆ ಸಿಗುವ ಕಾಗದಗಳು ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಒಂದೇ. ಸಿಂಡಿಕೇಟ್ ಬ್ಯಾಂಕಿನದೋ ವಿಜಯಾ ಬ್ಯಾಂಕಿನದೋ ಒಂದು ಪಾಸ್‌ಬುಕ್, ಅವಧಿ ಮುಗಿದು ಎಷ್ಟೋ ವರ್ಷವಾದ ಠೇವಣಿ ರಸೀದಿ, ಮೈಕೋ ಕಂಪನಿಯ ಷೇರು ಪತ್ರ, ಅರ್ಧಕ್ಕೆ ಕಂತು ನಿಂತ ಎಲ್‌ಐಸಿ ಬಾಂಡ್. ‘ಆ ಬ್ಯಾಂಕೇ ಈಗಿಲ್ಲ, ಇನ್ನೆಲ್ಲಿಯ ದುಡ್ಡು’ ಎಂದು ಮಡಿಚಿ ಮತ್ತೆ ಒಳಗಿಡುವವರೇ ಜಾಸ್ತಿ. ಹಾಗೆ ಇಟ್ಟ ಕಾಗದದ ಹಿಂದಿನ ಹಣ ಎಲ್ಲಿಗೂ ಹೋಗಿರುವುದಿಲ್ಲ. 2024ರ ಮಾರ್ಚ್ ಕೊನೆಗೆ ಬ್ಯಾಂಕುಗಳಿಂದ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿ ಕೂತಿದ್ದ, ಯಾರೂ ಕೇಳದ ಠೇವಣಿಯ ಮೊತ್ತವೇ 78,213 ಕೋಟಿ ರೂಪಾಯಿ. ಷೇರು, ವಿಮೆ, ಮ್ಯೂಚುವಲ್ ಫಂಡ್, ಭವಿಷ್ಯನಿಧಿಯ ಲೆಕ್ಕ ಇದರ ಹೊರಗೆ.

ಈ ಹಣದ ಸುತ್ತ ಒಂದು ದಂಧೆಯೇ ಬೆಳೆದಿದೆ. ‘ನಿಮ್ಮ ತಂದೆಯ ಹೆಸರಿನಲ್ಲಿ ಷೇರುಗಳಿವೆ, ಬಿಡಿಸಿಕೊಡುತ್ತೇವೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನಮಗೆ’ ಎಂದು ಫೋನ್ ಬರುತ್ತದೆ. ಹೆಸರು, ಊರು, ಕಂಪನಿ ಎಲ್ಲ ಸರಿಯಾಗಿ ಹೇಳುವುದರಿಂದ ಅವರ ಕೈಲಿ ಏನೋ ಗುಟ್ಟಿನ ದಾಖಲೆ ಇದೆ ಅನ್ನಿಸುತ್ತದೆ. ಗುಟ್ಟೇನೂ ಇಲ್ಲ. ಏಳು ವರ್ಷ ಡಿವಿಡೆಂಡ್ (ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಪಡೆಯದ ಷೇರುದಾರರ ಪಟ್ಟಿಯನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕೆಂದು ಕಾನೂನೇ ಹೇಳುತ್ತದೆ. ಏಜೆಂಟ್ ಓದಿದ್ದು ಅದೇ ಪಟ್ಟಿಯನ್ನು. ಅದಾದ ಮೇಲಿನ ಕೆಲಸವೆಲ್ಲ ಸಹಿ, ಗುರುತಿನ ಚೀಟಿ, ಮರಣ ಪ್ರಮಾಣಪತ್ರ, ವಂಶವೃಕ್ಷ. ಅವನ್ನು ಏಜೆಂಟ್ ಇದ್ದರೂ ಇಲ್ಲದಿದ್ದರೂ ಒದಗಿಸಬೇಕಾದವರು ನೀವೇ. ಹತ್ತು ಲಕ್ಷದ ಷೇರಿಗೆ ಶೇಕಡಾ ಇಪ್ಪತ್ತು ಎಂದು ಒಪ್ಪಿದರೆ ಎರಡು ಲಕ್ಷ ಕೊಟ್ಟದ್ದು ಫಾರಂ ತುಂಬಿಸಿದ್ದಕ್ಕೆ ಮಾತ್ರ.

ಮೊದಲು ಮನೆಯಲ್ಲೇ ಹುಡುಕಿ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಪಾಸ್‌ಬುಕ್ ಓದಿ. ಬಾಕಿ ಎಷ್ಟಿದೆ ಎಂದು ಕೊನೆಯ ಸಾಲು ನೋಡಿ ಮುಚ್ಚಿದರೆ ಏನೂ ತಿಳಿಯುವುದಿಲ್ಲ. ಒಂದೊಂದು ಸಾಲನ್ನೂ ಬೆರಳಿಟ್ಟು ಓದಬೇಕು. ವರ್ಷಕ್ಕೊಮ್ಮೆ ಜುಲೈ–ಸೆಪ್ಟೆಂಬರ್ ಆಸುಪಾಸಿನಲ್ಲಿ ಜಮೆಯಾದ ಚಿಕ್ಕ ಮೊತ್ತದ ಎದುರು ಇಸಿಎಸ್ ಅಥವಾ ಎಸಿಎಚ್ ಎಂದು ಬರೆದು ಕಂಪನಿಯ ಹೆಸರಿನ ತುಂಡು ಇದ್ದರೆ ಅದು ಡಿವಿಡೆಂಡ್. ಅಂದರೆ ಎಲ್ಲೋ ಷೇರು ಇದೆ. ಮೂರು ತಿಂಗಳಿಗೊಮ್ಮೆ ಒಂದೇ ಮೊತ್ತ ಕಡಿತವಾಗಿದ್ದರೆ ಬಹುಮಟ್ಟಿಗೆ ವಿಮೆಯ ಕಂತು. ಪ್ರತಿ ತಿಂಗಳು ಅದೇ ತಾರೀಖಿಗೆ ಐನೂರೋ ಸಾವಿರವೋ ಹೋಗಿದ್ದರೆ ಎಸ್‌ಐಪಿ (ಮ್ಯೂಚುವಲ್ ಫಂಡಿನ ತಿಂಗಳ ಕಂತು) ಅಥವಾ ಆರ್‌ಡಿ (ಬ್ಯಾಂಕಿನ ತಿಂಗಳ ಠೇವಣಿ). ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ (2022ಕ್ಕೆ ಮುಂಚೆ 330) ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಆ ವಿಮೆ ಚಾಲ್ತಿಯಲ್ಲಿದ್ದಾಗ ಖಾತೆದಾರರು ತೀರಿಕೊಂಡಿದ್ದರೆ ನಾಮಿನಿಗೆ ಎರಡು ಲಕ್ಷ ಬರಬೇಕು. 20 ರೂಪಾಯಿ (ಮುಂಚೆ 12) ಕಡಿತ ಅಪಘಾತ ವಿಮೆಯದು. ಈ ಎರಡು ಸಾಲುಗಳನ್ನು ಗಮನಿಸದೆ ಬಿಟ್ಟ ಕುಟುಂಬಗಳು ಲೆಕ್ಕವಿಲ್ಲದಷ್ಟಿವೆ. ಏಕೆಂದರೆ ವಿಮೆ ಮಾಡಿಸಿದ್ದನ್ನು ಮನೆಯವರಿಗೆ ಹೇಳಿರುವುದೇ ಇಲ್ಲ.

ಹಳೇ ಆದಾಯ ತೆರಿಗೆ ಲೆಕ್ಕಪತ್ರ, ಆಡಿಟರ್ ಕೊಟ್ಟ ಹಾಳೆಗಳು, ಕಂಪನಿಗಳಿಂದ ಬಂದ ವಾರ್ಷಿಕ ವರದಿಯ ಲಕೋಟೆ, ಬ್ಯಾಂಕಿಗೆ ಹಾಕದೇ ಉಳಿದ ಡಿವಿಡೆಂಡ್ ವಾರಂಟ್ ಇವೂ ಸುಳಿವುಗಳೇ. ವಾರಂಟಿನ ಬೆಲೆ ಎಂಬತ್ತು ರೂಪಾಯಿ ಇರಬಹುದು. ಅದರ ಮೇಲಿನ ಫೋಲಿಯೋ ನಂಬರಿಗೆ (ಕಂಪನಿಯ ಪುಸ್ತಕದಲ್ಲಿ ಷೇರುದಾರರ ಖಾತೆ ಸಂಖ್ಯೆ) ಬೆಲೆ ಕಟ್ಟಲಾಗದು, ಎಸೆಯಬೇಡಿ.

ಜೊತೆಗೆ ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿಕೊಳ್ಳಿ: ತೀರಿಕೊಂಡವರು ಯಾವ್ಯಾವ ಊರಿನಲ್ಲಿ, ಯಾವ ವಿಳಾಸದಲ್ಲಿ ಇದ್ದರು, ಅವರ ಹೆಸರು ಎಲ್ಲೆಲ್ಲಿ ಹೇಗೆ ಬರೆಯಲ್ಪಟ್ಟಿದೆ. ಈ ಎರಡು ಪಟ್ಟಿ ಯಾವ ಏಜೆಂಟನ ಬಳಿಯೂ ಇರಲು ಸಾಧ್ಯವಿಲ್ಲ.

ಹೆಸರು ಅಂದಿನದು, ಬ್ಯಾಂಕ್ ಇಂದಿನದು

ಕರ್ನಾಟಕದವರು ಈ ಹುಡುಕಾಟದಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿ. ನಮ್ಮ ನಾಡಿನಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಹಲವು ಬೇರೆ ಬ್ಯಾಂಕಿನೊಳಗೆ ಸೇರಿಹೋಗಿವೆ. ವೈಶ್ಯ ಬ್ಯಾಂಕ್ ಐಎನ್‌ಜಿ ವೈಶ್ಯ ಆಗಿ, 2015ರ ಏಪ್ರಿಲ್ 1ರಂದು ಕೋಟಕ್ ಮಹೀಂದ್ರಕ್ಕೆ ಸೇರಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಆಯಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋದವು. ಗ್ರಾಮೀಣ ಬ್ಯಾಂಕುಗಳ ಕತೆಯೂ ಹಾಗೇ. ಪ್ರಗತಿ ಕೃಷ್ಣಾ ಮತ್ತು ಕಾವೇರಿ ಗ್ರಾಮೀಣ ಬ್ಯಾಂಕುಗಳು 2019ರಲ್ಲಿ ಒಂದಾದವು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ 2025ರ ಮೇ 1ರಂದು ಅದರೊಂದಿಗೆ ಸೇರಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಒಂದೇ ಬ್ಯಾಂಕ್ ಉಳಿಯಿತು. ಆದ್ದರಿಂದ ಉಡುಪಿಯ ಅಂಗಡಿಯವರು ದಿನವೂ ಪಿಗ್ಮಿ ಕಟ್ಟಿದ ಸಿಂಡಿಕೇಟ್ ಬ್ಯಾಂಕಿನ ಹಣವನ್ನು ಇಂದು ಕೇಳಬೇಕಾದದ್ದು ಕೆನರಾ ಬ್ಯಾಂಕನ್ನು. ಹುಡುಕುವಾಗ ಬ್ಯಾಂಕಿನ ಈಗಿನ ಹೆಸರನ್ನು ಆರಿಸಿ. ವ್ಯಕ್ತಿಯ ಹೆಸರನ್ನು ಮಾತ್ರ ಖಾತೆ ತೆರೆದ ಕಾಲದಲ್ಲಿ ಇದ್ದಂತೆ ಕೊಡಿ.

ಹುಡುಕುವ ಜಾಗ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 17ರಂದು ತೆರೆದ ‘ಉದ್ಗಮ್’ ಪೋರ್ಟಲ್. ವಿಳಾಸ: ಉದ್ಗಮ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್. ಕೊನೆಯ ‘ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್’ ಇಲ್ಲದ ಯಾವ ತಾಣವೂ ಅದಲ್ಲ. ಆರಂಭದಲ್ಲಿ ಏಳು ಬ್ಯಾಂಕುಗಳಿದ್ದವು. 2024ರ ಮಾರ್ಚ್ ಹೊತ್ತಿಗೆ ಮೂವತ್ತಾದವು, ನಿಧಿಗೆ ಹೋದ ಠೇವಣಿಯ ಮೌಲ್ಯದಲ್ಲಿ ಸುಮಾರು ಶೇಕಡಾ 90ರಷ್ಟು ಇವುಗಳದೇ. ಮೊಬೈಲ್ ನಂಬರ್, ನಿಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ನೋಂದಾಯಿಸಿ, ಒಟಿಪಿ ಹಾಕಿ ಒಳಹೋಗಿ. ಖಾತೆದಾರರ ಹೆಸರು ಬರೆದು, ಬ್ಯಾಂಕುಗಳನ್ನು ಆರಿಸಿ, ಪ್ಯಾನ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ, ಪಾಸ್‌ಪೋರ್ಟ್ ನಂಬರ್, ಜನ್ಮದಿನಾಂಕ ಇವುಗಳಲ್ಲಿ ಯಾವುದಾದರೂ ಒಂದನ್ನು ಕೊಡಬೇಕು. ಇವು ಯಾವುವೂ ಇಲ್ಲದಿದ್ದರೆ ವಿಳಾಸ. ಹಣ ಕಟ್ಟುವ ಪ್ರಶ್ನೆಯೇ ಇಲ್ಲ.

ಮೊದಲ ಸಲ ಹುಡುಕಿದಾಗ ‘ದಾಖಲೆ ಇಲ್ಲ’ ಎಂದು ಬರುವುದೇ ಹೆಚ್ಚು. ಅಲ್ಲಿಗೆ ನಿಲ್ಲಿಸಬೇಡಿ. ಎಂಬತ್ತರ ದಶಕದಲ್ಲಿ ತೆರೆದ ಉಳಿತಾಯ ಖಾತೆಗೆ ಪ್ಯಾನ್ ಇರಲಿಲ್ಲ. ಹುಟ್ಟಿದ ದಿನವನ್ನು ಬ್ಯಾಂಕ್ ಬರೆದುಕೊಂಡಿರಲೂ ಇಲ್ಲ. ಅಂಥ ಖಾತೆಯನ್ನು ಪ್ಯಾನ್ ಕೊಟ್ಟು ಹುಡುಕಿದರೆ ಸಿಗುವುದು ಹೇಗೆ? ವಿಳಾಸದ ಮೂಲಕ ಹುಡುಕಿ, ಊರಿನ ಹೆಸರನ್ನು ಅಂದಿನ ಕಾಗುಣಿತದಲ್ಲೇ ಕೊಡಿ: ಬೆಂಗಳೂರು ಅಂದು ಬ್ಯಾಂಗಲೋರ್, ಬೆಳಗಾವಿ ಬೆಲ್ಗಾಂ, ಕಲಬುರಗಿ ಗುಲ್ಬರ್ಗ, ಶಿವಮೊಗ್ಗ ಶಿಮೋಗ.

ಹೆಸರಿನದು ಇನ್ನೂ ತೊಡಕು. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಗುಮಾಸ್ತರ ಕೈಗೆ ಬಂದದ್ದೇ ಕಾಗುಣಿತ. ಲಕ್ಷ್ಮಮ್ಮನವರ ಹೆಸರಿನಲ್ಲಿ ‘ಕೆ, ಎಸ್, ಎಚ್’ ಇರಬಹುದು, ಬರೀ ಒಂದು ‘ಎಕ್ಸ್’ ಇರಬಹುದು. ಗೌಡ ಎಂಬುದು ಹಳೇ ಮೈಸೂರಿನ ಕಡೆ ‘ಒ, ಡಬ್ಲ್ಯು’, ಉತ್ತರ ಕರ್ನಾಟಕದ ಕಡೆ ‘ಒ, ಯು’. ಶೆಟ್ಟಿ–ಸೆಟ್ಟಿ, ರತ್ನ ಬರೆಯುವಾಗ ‘ಟಿ’ ಪಕ್ಕದ ‘ಎಚ್’ ಉಂಟೋ ಇಲ್ಲವೋ, ತಿಮ್ಮಪ್ಪನಿಗೂ ಅದೇ ಪ್ರಶ್ನೆ. ಇನಿಷಿಯಲ್ ಮುಂದೆಯೋ ಹಿಂದೆಯೋ, ಎರಡೋ ಒಂದೋ, ಊರಿನ ಅಕ್ಷರ ಸೇರಿದೆಯೋ. ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚಿನ ಖಾತೆಯಲ್ಲಿ ತಂದೆಯ ಇನಿಷಿಯಲ್, ಆಮೇಲಿನದರಲ್ಲಿ ಗಂಡನದು. ಆ ಹಾಳೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ಹಾಕಿ ನೋಡಿ. ಬೇಸರದ ಕೆಲಸ, ಆದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಸಿಕ್ಕಾಗ ಪರದೆಯ ಮೇಲೆ ಮೊತ್ತ ಕಾಣುವುದಿಲ್ಲ. ಯುಡಿಆರ್‌ಎನ್ ಎಂಬ ಉಲ್ಲೇಖ ಸಂಖ್ಯೆ ಬರುತ್ತದೆ. ಅದನ್ನು ಬರೆದುಕೊಂಡು ಬ್ಯಾಂಕಿಗೆ ಹೋಗಿ. ಉದ್ಗಮ್‌ನಲ್ಲಿ ಹುಡುಕಬಹುದು ಅಷ್ಟೆ. ಅರ್ಜಿ ಹಾಕುವುದು ಬ್ಯಾಂಕಿನಲ್ಲೇ. ‘ಉದ್ಗಮ್‌ನಿಂದ ನಿಮ್ಮ ಹಣ ಬಿಡುಗಡೆಯಾಗಿದೆ, ಒಟಿಪಿ ಹೇಳಿ’ ಎಂದು ಕರೆ ಬಂದರೆ ಅದು ವಂಚನೆ, ಅನುಮಾನವೇ ಬೇಡ.

ಇನ್ನೊಂದು ಮಾತು. ಉದ್ಗಮ್‌ನಲ್ಲಿ ಇರುವುದು ಹತ್ತು ವರ್ಷ ವ್ಯವಹಾರವಿಲ್ಲದೆ ನಿಧಿಗೆ ಹೋದ ಹಣ. ಗ್ರಾಹಕರಿಂದ ಎರಡು ವರ್ಷ ವ್ಯವಹಾರ ನಡೆಯದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಎರಡಕ್ಕೂ ಹತ್ತಕ್ಕೂ ನಡುವೆ ಇರುವ ಖಾತೆ ಪೋರ್ಟಲಿನಲ್ಲಿ ಕಾಣಿಸುವುದಿಲ್ಲ, ಬ್ಯಾಂಕಿನಲ್ಲೇ ವಿಚಾರಿಸಬೇಕು. ಸಣ್ಣ ಸಹಕಾರಿ ಬ್ಯಾಂಕುಗಳ ಪಟ್ಟಿಯನ್ನು ಅವುಗಳ ವೆಬ್‌ಸೈಟಿನಲ್ಲೋ ಶಾಖೆಯಲ್ಲೋ ಕೇಳಿ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳು ಬ್ಯಾಂಕುಗಳೇ ಅಲ್ಲವಾದ್ದರಿಂದ ರಿಸರ್ವ್ ಬ್ಯಾಂಕಿನ ಈ ಏರ್ಪಾಡು ಅವಕ್ಕೆ ಅನ್ವಯಿಸುವುದಿಲ್ಲ. ಅಲ್ಲಿ ಸಂಘದ ಕಚೇರಿ, ಆಮೇಲೆ ಸಹಕಾರ ಸಂಘಗಳ ನಿಬಂಧಕರು.

ಶಾಖೆಯಲ್ಲಿ ಏನಾಗುತ್ತದೆ

ಕೌಂಟರಿನಲ್ಲಿ ಕೇಳಿಬರುವ ಮೊದಲ ಮಾತು: ‘ಆ ದುಡ್ಡು ಆರ್‌ಬಿಐಗೆ ಹೋಗಿದೆ, ನಮ್ಮ ಹತ್ತಿರ ಇಲ್ಲ’. ಮೊದಲರ್ಧ ಸರಿ, ಎರಡನೆಯದು ತಪ್ಪು. 2014ರಲ್ಲಿ ಆರಂಭವಾದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹಣ ಹೋಗಿರುತ್ತದೆ. ಆದರೆ ಗ್ರಾಹಕರಿಗೆ ಬ್ಯಾಂಕೇ ಕೊಡಬೇಕು, ಕೊಟ್ಟ ಮೇಲೆ ನಿಧಿಯಿಂದ ತರಿಸಿಕೊಳ್ಳುವುದು ಬ್ಯಾಂಕಿನ ಜವಾಬ್ದಾರಿ. ಇಷ್ಟು ವರ್ಷದೊಳಗೆ ಕೇಳಬೇಕೆಂಬ ಗಡುವು ಇಲ್ಲ. ಬಡ್ಡಿ ಬರುವ ಠೇವಣಿಯಾಗಿದ್ದರೆ ನಿಧಿಯಲ್ಲಿದ್ದ ಅವಧಿಗೂ ಸರಳ ಬಡ್ಡಿ ಸಿಗುತ್ತದೆ: 2018ರ ಜೂನ್ 30ರವರೆಗೆ ಶೇಕಡಾ 4, ಅಲ್ಲಿಂದ 2021ರ ಮೇ 10ರವರೆಗೆ 3.5, ಆಮೇಲೆ 3. ಲೆಕ್ಕ ಕೊಡುವಾಗ ಈ ಬಡ್ಡಿ ಸೇರಿದೆಯೇ ನೋಡಿಕೊಳ್ಳಿ.

ಖಾತೆದಾರರು ಬದುಕಿದ್ದರೆ ಕೆಲಸ ಸುಲಭ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಖಾತೆ ಇದ್ದ ಶಾಖೆಗೇ ಹೋಗಬೇಕೆಂದಿಲ್ಲ. ಯಾವ ಶಾಖೆಯಲ್ಲಾದರೂ ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ, ಕೊಡಬಹುದು. ಖಾತೆಗೆ ಮತ್ತೆ ಜೀವ ಕೊಡಲು ಶುಲ್ಕ ತೆಗೆಯುವಂತಿಲ್ಲ. ಕನಿಷ್ಠ ಬಾಕಿ ಇಲ್ಲವೆಂದು ನಿಷ್ಕ್ರಿಯ ಖಾತೆಗೆ ದಂಡ ಹಾಕುವಂತೆಯೂ ಇಲ್ಲ.

ತೀರಿಕೊಂಡಿದ್ದರೆ ಮೂರರಲ್ಲಿ ಒಂದು ಸಂದರ್ಭ. ‘ಇಬ್ಬರಲ್ಲೊಬ್ಬರು ಅಥವಾ ಉಳಿದವರು’ ಎಂಬ ಜಂಟಿ ಖಾತೆಯಾಗಿದ್ದರೆ ಉಳಿದವರಿಗೆ ಮರಣ ಪ್ರಮಾಣಪತ್ರ, ಗುರುತಿನ ಚೀಟಿ ಸಾಕು. ನಾಮಿನಿ ಇದ್ದರೆ ಅವರಿಗೂ ಇಷ್ಟೇ. ಬ್ಯಾಂಕ್ ಅವರಿಂದ ವಂಶವೃಕ್ಷ, ಜಾಮೀನು, ಕೋರ್ಟ್ ಪತ್ರ ಕೇಳುವಂತಿಲ್ಲ. ನಾಮಿನಿ ಹಣ ಪಡೆಯುವುದು ವಾರಸುದಾರರ ಪರವಾಗಿ, ಅವರೇ ಒಡೆಯರಾಗುವುದಿಲ್ಲ. ಷೇರುಗಳ ಬಗ್ಗೆ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಖಚಿತಪಡಿಸಿತು.

ನಾಮಿನಿಯೂ ಇಲ್ಲ, ಜಂಟಿಯೂ ಅಲ್ಲ ಎಂದಾಗ ತಕರಾರು ಶುರುವಾಗುತ್ತದೆ. ಇಲ್ಲಿ ‘ಕೋರ್ಟಿನಿಂದ ಉತ್ತರಾಧಿಕಾರ ಪತ್ರ ತನ್ನಿ’ ಎಂದು ಕಳಿಸಿಬಿಡುವ ಅಭ್ಯಾಸವಿದೆ. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿ, 2026ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕೆಂದ ನಿರ್ದೇಶನ ಇದಕ್ಕೆ ಮಿತಿ ಹಾಕಿದೆ. ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸರಳ ದಾಖಲೆಗಳ ಮೇಲೆಯೇ ಕೊಡಬೇಕು: ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ಅರ್ಜಿದಾರರ ಗುರುತು, ನಷ್ಟಭರ್ತಿ ಮುಚ್ಚಳಿಕೆ, ಹಣ ಪಡೆಯದ ಇತರ ವಾರಸುದಾರರ ಒಪ್ಪಿಗೆ ಪತ್ರ, ವಾರಸುದಾರರು ಯಾರೆಂಬ ದಾಖಲೆ. ಈ ಮಿತಿಯೊಳಗೆ ಮೂರನೆಯವರ ಜಾಮೀನು ಕೇಳುವಂತಿಲ್ಲ. ದಾಖಲೆ ಪೂರ್ತಿಯಾದ ದಿನದಿಂದ 15 ದಿನದೊಳಗೆ ಮುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೇಲೆ ಶೇಕಡಾ 4 ಸೇರಿಸಿ ಬಡ್ಡಿ ಕೊಡಬೇಕು. ಅದಕ್ಕಾಗಿಯೇ ಅರ್ಜಿಯ ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಶಾಖೆಯಿಂದ ಹೊರಬರಬೇಡಿ. ತಾರೀಖಿಲ್ಲದ ಅರ್ಜಿಗೆ ಹದಿನೈದು ದಿನದ ಎಣಿಕೆ ಎಲ್ಲಿಂದ ಶುರು ಮಾಡುತ್ತೀರಿ?

ಕರ್ನಾಟಕದಲ್ಲಿ ವಂಶವೃಕ್ಷ ಮತ್ತು ಜೀವಂತ ಸದಸ್ಯರ ದೃಢೀಕರಣ ಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಅರ್ಜಿ ವಾಪಸಾಗಲು ದೊಡ್ಡ ಕಾರಣ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟಿರುವುದು. ‘ಮದುವೆಯಾಗಿ ಹೋದರಲ್ಲ’ ಎಂಬ ಮಾತು ಕಾನೂನಿನಲ್ಲಿ ನಡೆಯುವುದಿಲ್ಲ. ಹಾಗೆಯೇ ಗಂಡಸು ತೀರಿಕೊಂಡಾಗ ಅವರ ತಾಯಿ ಬದುಕಿದ್ದರೆ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಅವರೂ ಮೊದಲ ದರ್ಜೆಯ ವಾರಸುದಾರರು. ಹೆಂಡತಿ ಮಕ್ಕಳ ಹೆಸರು ಬರೆದು ಅಜ್ಜಿಯನ್ನು ಮರೆಯುತ್ತಾರೆ. ಎರಡನೆಯ ಕಾರಣ ಹೆಸರಿನ ವ್ಯತ್ಯಾಸ. ಮರಣ ಪ್ರಮಾಣಪತ್ರದಲ್ಲಿ ‘ಕೆಂಪಮ್ಮ ಕೋಂ ಸಿದ್ದಯ್ಯ’, ಪಾಸ್‌ಬುಕ್ಕಿನಲ್ಲಿ ‘ಕೆಂಪಮ್ಮ ಎಸ್’, ಆಧಾರಿನಲ್ಲಿ ‘ಕೆಂಪಾಜಮ್ಮ’. ಇವರೆಲ್ಲ ಒಬ್ಬರೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಮೊದಲೇ ಜೊತೆಗಿಡಿ. ಶಾಖೆಯವರು ಕೇಳಿದ ಮೇಲೆ ಓಡಾಡುವುದಕ್ಕಿಂತ ಅದು ಲೇಸು. ಮರಣ ಪ್ರಮಾಣಪತ್ರದ ಮೂಲ ಪ್ರತಿಗಳನ್ನು ಒಂದೇ ಸಲ ನಾಲ್ಕೈದು ಪಡೆದಿಟ್ಟುಕೊಳ್ಳಿ.

ಷೇರುಗಳು: ತಾಳ್ಮೆ ಬೇಕಾದ ಜಾಗ

ಏಜೆಂಟರಿಗೆ ಹೆಚ್ಚು ಲಾಭ ಇರುವುದೂ, ನಿಮ್ಮ ಸ್ವಂತ ಪ್ರಯತ್ನಕ್ಕೆ ಹೆಚ್ಚು ಫಲ ಸಿಗುವುದೂ ಇಲ್ಲೇ. ಡಿವಿಡೆಂಡ್ ಏಳು ವರ್ಷ ಕೇಳದೆ ಉಳಿದರೆ ಆ ಹಣ ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ಸಂರಕ್ಷಣಾ ನಿಧಿಗೆ, ಅಂದರೆ ಐಇಪಿಎಫ್‌ಗೆ ಹೋಗುತ್ತದೆ. ಸತತ ಏಳು ವರ್ಷ ಹಾಗಾದರೆ ಷೇರುಗಳೂ ಹೋಗುತ್ತವೆ. ಕಳಿಸುವ ಮೊದಲು ಕಂಪನಿ ಕೊನೆಯ ವಿಳಾಸಕ್ಕೆ ಪತ್ರ ಹಾಕಿ, ಇಂಗ್ಲಿಷ್ ಪತ್ರಿಕೆಯಲ್ಲೂ ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಕನ್ನಡ ಪತ್ರಿಕೆಯ ಒಳಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ಬರುವ ಆ ಪ್ರಕಟಣೆಗಳು ಇದೇ.

ಕಂಪನಿಯ ಹೆಸರೂ ಬದಲಾಗಿರುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿರುವ ಮೈಕೋ ಷೇರು ಇಂದು ಬಾಷ್ ಲಿಮಿಟೆಡ್. ವಿಡಿಯಾ ಇಂಡಿಯಾ ಈಗ ಕೆನ್ನಮೆಟಲ್ ಇಂಡಿಯಾ. ಮೈಸೂರ್ ಸಿಮೆಂಟ್ಸ್ ಈಗ ಹೈಡೆಲ್‌ಬರ್ಗ್ ಸಿಮೆಂಟ್ ಇಂಡಿಯಾ. ಪತ್ರದ ಮೇಲಿನ ಸಂಖ್ಯೆಯನ್ನು ನೋಡಿ ‘ಐವತ್ತೇ ಷೇರು’ ಎಂದು ಕೈಬಿಡಬೇಡಿ. ಬೋನಸ್ ಬಂದು, ಮುಖಬೆಲೆ ಒಡೆದು ಅವು ಎಷ್ಟಾಗಿವೆ ಎಂಬುದನ್ನು ಕಂಪನಿಯ ರಿಜಿಸ್ಟ್ರಾರ್, ಅಂದರೆ ಕಂಪನಿಯ ಪರವಾಗಿ ಷೇರುದಾರರ ದಾಖಲೆ ನೋಡಿಕೊಳ್ಳುವ ಸಂಸ್ಥೆ, ಹೇಳಬೇಕು.

ಐಇಪಿಎಫ್ ತಾಣದಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಫೋಲಿಯೋ ಸಂಖ್ಯೆಯಿಂದ ಹುಡುಕಬಹುದು. ಸಿಕ್ಕ ತಕ್ಷಣ ನಿಧಿಯಿಂದ ವಾಪಸ್ ಕೇಳುವ ಐಇಪಿಎಫ್-5 ಫಾರಂ ತುಂಬಲು ಹೋಗುವುದು ಎಲ್ಲರೂ ಮಾಡುವ ತಪ್ಪು. ಮೊದಲು ಕಂಪನಿಯ ರಿಜಿಸ್ಟ್ರಾರ್‌ಗೆ ಬರೆಯಿರಿ. ಕೆಫಿನ್‌ಟೆಕ್, ಎಂಯುಎಫ್‌ಜಿ ಇನ್‌ಟೈಮ್‌ನಂಥ ಸಂಸ್ಥೆ ಯಾವುದೆಂದು ಕಂಪನಿಯ ವೆಬ್‌ಸೈಟಿನ ಹೂಡಿಕೆದಾರರ ವಿಭಾಗದಲ್ಲಿರುತ್ತದೆ. ಫೋಲಿಯೋ ಸಂಖ್ಯೆ, ಷೇರು ಪತ್ರದ ನಕಲು ಕಳಿಸಿ, ಈಗ ಎಷ್ಟು ಷೇರುಗಳಿವೆ, ಅವುಗಳಲ್ಲಿ ಎಷ್ಟು ಐಇಪಿಎಫ್‌ಗೆ ಹೋಗಿವೆ, ಯಾವ ವರ್ಷಗಳ ಡಿವಿಡೆಂಡ್ ಬಾಕಿ ಎಂದು ಕೇಳಿ.

ಆಮೇಲೆ ಕೆವೈಸಿ. ಐಎಸ್‌ಆರ್-1 ಪ್ಯಾನ್, ವಿಳಾಸ, ಬ್ಯಾಂಕ್ ವಿವರಕ್ಕೆ, ಎಸ್‌ಎಚ್-13 ನಾಮಿನಿಗೆ. ಸಹಿಗಾಗಿ ಇರುವ ಐಎಸ್‌ಆರ್-2 ಫಾರಂ ಎಲ್ಲಕ್ಕಿಂತ ಮುಖ್ಯ. ಮೂವತ್ತು ವರ್ಷದ ಹಿಂದೆ ಮಾಡಿದ ಸಹಿ ಇಂದಿನ ನಡುಗುವ ಕೈಯ ಸಹಿಗೆ ಹೊಂದುವುದಿಲ್ಲ. ಅದಕ್ಕಾಗಿ ನಿಮ್ಮ ಬ್ಯಾಂಕ್ ಮ್ಯಾನೇಜರ್ ತಮ್ಮ ಮುಂದೆ ನೀವು ಮಾಡಿದ ಸಹಿಯನ್ನು ದೃಢೀಕರಿಸಿ, ತಮ್ಮ ಹೆಸರು, ಸಿಬ್ಬಂದಿ ಸಂಖ್ಯೆ, ಸೀಲು ಹಾಕಬೇಕು. ಸಿಬ್ಬಂದಿ ಸಂಖ್ಯೆ ಬರೆಯದೆ ಬರೀ ಸೀಲು ಒತ್ತಿ ಕೊಟ್ಟಿದ್ದರೆ ಆ ಫಾರಂ ತಿರುಗಿ ಬರುತ್ತದೆ. ಅಲ್ಲೇ ನೋಡಿ ಬರೆಸಿಕೊಳ್ಳಿ. ಷೇರುದಾರರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಬದಲಿಸಲು ಐಎಸ್‌ಆರ್-5. ಇದಾದ ಮೇಲೆ ಕಂಪನಿ ‘ಈ ಷೇರುಗಳಿಗೆ ಇವರು ಹಕ್ಕುದಾರರು’ ಎಂಬ ಎಂಟೈಟಲ್‌ಮೆಂಟ್ ಪತ್ರ ಕೊಡುತ್ತದೆ. ಇದು ಕೈಗೆ ಬರುವವರೆಗೆ ಐಇಪಿಎಫ್-5 ಕಡೆ ಹೋಗಬೇಡಿ. ಒಂದು ಕಂಪನಿಗೆ ಒಂದು ಆರ್ಥಿಕ ವರ್ಷದಲ್ಲಿ ಒಂದೇ ಅರ್ಜಿ ಎಂಬ ನಿಯಮವಿದೆ. ಆದ್ದರಿಂದ ಎಲ್ಲ ಫೋಲಿಯೋ, ಎಲ್ಲ ವರ್ಷದ ಡಿವಿಡೆಂಡ್ ಸೇರಿಸಿ ಒಟ್ಟಿಗೇ ಹಾಕಬೇಕು.

ಈ ನಡುವೆ ಅರ್ಜಿದಾರರ ಹೆಸರಿನಲ್ಲಿ ಡಿಮ್ಯಾಟ್ ಖಾತೆ (ಷೇರುಗಳನ್ನು ಕಾಗದವಿಲ್ಲದೆ ಕಂಪ್ಯೂಟರಿನಲ್ಲಿ ಇಡುವ ಖಾತೆ) ತೆರೆದಿರಬೇಕು, ಏಕೆಂದರೆ ಷೇರು ವಾಪಸ್ ಬರುವುದು ಅಲ್ಲಿಗೇ. ಪ್ಯಾನ್, ಆಧಾರ್, ಡಿಮ್ಯಾಟ್, ಬ್ಯಾಂಕ್ ನಾಲ್ಕರಲ್ಲೂ ಹೆಸರು ಅಕ್ಷರಶಃ ಒಂದೇ ಇರಲಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಐಇಪಿಎಫ್-5 ತುಂಬಿದರೆ ಎಸ್‌ಆರ್‌ಎನ್ ಎಂಬ ಸಂಖ್ಯೆ ಬರುತ್ತದೆ. ಶುಲ್ಕವಿಲ್ಲ. ಫಾರಂ ಮತ್ತು ಸ್ವೀಕೃತಿಯ ಮುದ್ರಿತ ಪ್ರತಿ, ಛಾಪಾ ಕಾಗದದ ಮೇಲೆ ನಷ್ಟಭರ್ತಿ ಮುಚ್ಚಳಿಕೆ, ಒಂದು ರೂಪಾಯಿ ರೆವಿನ್ಯೂ ಸ್ಟ್ಯಾಂಪ್ ಹಚ್ಚಿದ ಮುಂಗಡ ರಸೀದಿ, ಮೂಲ ಷೇರು ಪತ್ರ, ಎಂಟೈಟಲ್‌ಮೆಂಟ್ ಪತ್ರ, ಆಧಾರ್ ಪ್ರತಿ, ಡಿಮ್ಯಾಟಿನ ಕ್ಲೈಂಟ್ ಮಾಸ್ಟರ್ ಪಟ್ಟಿ (ಖಾತೆಯ ವಿವರಗಳ ಹಾಳೆ), ರದ್ದುಗೊಳಿಸಿದ ಚೆಕ್ ಇವನ್ನು ಕಂಪನಿಯ ನೋಡಲ್ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ದೆಹಲಿಯ ಪ್ರಾಧಿಕಾರಕ್ಕೆ ಕಳಿಸಿದರೆ ಪ್ರಯೋಜನವಿಲ್ಲ. ಮೂಲಗಳನ್ನು ಕಳಿಸುವ ಮೊದಲು ಪ್ರತಿ ಹಾಳೆಯನ್ನೂ ಎರಡೂ ಬದಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕಂಪನಿ 30 ದಿನದೊಳಗೆ ಪರಿಶೀಲನಾ ವರದಿ ಕಳಿಸಬೇಕು, ಅದು ತಲುಪಿದ 60 ದಿನದೊಳಗೆ ಪ್ರಾಧಿಕಾರ ತೀರ್ಮಾನಿಸಬೇಕು. ನಿಜದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಎಸ್‌ಆರ್‌ಎನ್ ಹಾಕಿ ಸ್ಥಿತಿ ನೋಡುತ್ತಿರಿ. ಪ್ರಶ್ನೆ ಬಂದಿದ್ದು ಗಮನಕ್ಕೆ ಬಾರದೆ ಅರ್ಜಿ ತಿರಸ್ಕೃತವಾದದ್ದೇ ಬಹಳ.

ಮುಚ್ಚಳಿಕೆಯಲ್ಲಿ ಆಗುವ ಸಣ್ಣ ತಪ್ಪುಗಳನ್ನು ಹೇಳಿಬಿಡುತ್ತೇವೆ. ಇ-ಸ್ಟ್ಯಾಂಪ್ ಅರ್ಜಿದಾರರ ಹೆಸರಿನಲ್ಲಿ ಇಲ್ಲದಿರುವುದು; ಸ್ಟ್ಯಾಂಪಿನ ತಾರೀಖಿಗಿಂತ ಮುಂಚಿನ ತಾರೀಖನ್ನು ಸಹಿಯ ಕೆಳಗೆ ಬರೆದಿರುವುದು; ಕೊನೆಯ ಹಾಳೆಗೆ ಮಾತ್ರ ಸಹಿ ಮಾಡಿ ಉಳಿದವನ್ನು ಬಿಟ್ಟಿರುವುದು; ಸಾಕ್ಷಿಗಳ ವಿಳಾಸ ಬರೆಯದಿರುವುದು. ಯಾವುದಾದರೂ ಒಂದಿದ್ದರೂ ಕಡತ ಹಿಂದಕ್ಕೆ ಬರುತ್ತದೆ.

ಐಇಪಿಎಫ್‌ಗೆ ಹೋಗದೆ ಇನ್ನೂ ಕಾಗದದಲ್ಲೇ ಇರುವ ಷೇರಾದರೆ ದಾರಿ ಹತ್ತಿರ. ಅದೇ ಕೆವೈಸಿ, ಹೆಸರು ಬದಲಾವಣೆ ಆದ ಮೇಲೆ ರಿಜಿಸ್ಟ್ರಾರ್ ದೃಢೀಕರಣ ಪತ್ರ ಕೊಟ್ಟರೆ 120 ದಿನದೊಳಗೆ ಅದನ್ನು ಡಿಮ್ಯಾಟ್ ಸಂಸ್ಥೆಗೆ ಒಪ್ಪಿಸಬೇಕು. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ವಿಮೆ, ಭವಿಷ್ಯನಿಧಿ, ಮ್ಯೂಚುವಲ್ ಫಂಡ್

ಎಲ್‌ಐಸಿಯೂ ಸೇರಿ ಪ್ರತಿ ವಿಮಾ ಕಂಪನಿಯ ತಾಣದಲ್ಲೂ ಯಾರೂ ಕೇಳದ ಮೊತ್ತ ಹುಡುಕುವ ಪುಟವಿದೆ. ಹೆಸರು, ಜನ್ಮದಿನಾಂಕ ಕೊಟ್ಟರೆ ಸಾಕು, ಪಾಲಿಸಿ ಸಂಖ್ಯೆ ಇಲ್ಲದಿದ್ದರೂ ನೋಡಬಹುದು. ಹತ್ತು ವರ್ಷ ಉಳಿದ ವಿಮಾ ಹಣ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಇಲ್ಲಿ ಗಡುವು ಇದೆ: ಅಲ್ಲಿಗೆ ಹೋದ 25 ವರ್ಷದೊಳಗೆ ಕೇಳದಿದ್ದರೆ ಸರ್ಕಾರದ್ದಾಗುತ್ತದೆ. ಅರ್ಜಿ ವಿಮಾ ಕಂಪನಿಗೇ. ಕಂತು ನಿಂತ ಹಳೇ ಪಾಲಿಸಿಗಳಲ್ಲಿ ಮೂರು ವರ್ಷ ಕಂತು ಕಟ್ಟಿದ್ದರೆ ಸಾಮಾನ್ಯವಾಗಿ ‘ಪೇಡ್ ಅಪ್’ ಮೌಲ್ಯ, ಅಂದರೆ ಕಟ್ಟಿದ ಕಂತಿಗೆ ತಕ್ಕ ವಿಮಾ ಮೊತ್ತ, ಉಳಿದಿರುತ್ತದೆ. ‘ಲ್ಯಾಪ್ಸ್ ಆಯಿತು’ ಎಂದು ಬಾಂಡ್ ಹರಿದು ಹಾಕಬೇಡಿ. ರಾಜ್ಯ ಸರ್ಕಾರಿ ನೌಕರರಾಗಿದ್ದರೆ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿಯನ್ನು ವಿಚಾರಿಸುವುದು ಮರೆಯಬೇಡಿ.

ಭವಿಷ್ಯನಿಧಿಯಲ್ಲಿ ಹಳೇ ವೇತನ ಚೀಟಿಯ ಮೇಲೆ ‘ಕೆಎನ್/ಬಿಎನ್’ ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದು ಬೆಂಗಳೂರಿನ ಪಿಎಫ್ ಖಾತೆ. ಕಾರ್ಖಾನೆ ಮುಚ್ಚಿಹೋಗಿದ್ದರೂ ಹಣ ಪಿಎಫ್ ಕಚೇರಿಯಲ್ಲಿರುತ್ತದೆ. ಮಾಲೀಕರ ಸಹಿ ಸಿಗದಿದ್ದಾಗ ಬ್ಯಾಂಕ್ ಮ್ಯಾನೇಜರ್ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ನಡೆಯುತ್ತದೆ. ಸೇವೆಯಲ್ಲಿರುವಾಗಲೇ ತೀರಿಕೊಂಡವರ ಕುಟುಂಬಕ್ಕೆ ಪಿಎಫ್ ಹಣದ ಜೊತೆ ಪಿಂಚಣಿ, ಇಡಿಎಲ್‌ಐ ವಿಮೆ ಇವೆರಡೂ ಬೇರೆಯಾಗಿ ಇವೆ. ಒಂದನ್ನು ಪಡೆದು ಉಳಿದೆರಡನ್ನು ಬಿಡುವುದು ಮಾಮೂಲು.

ಹತ್ತು ವರ್ಷ ಮುಟ್ಟದ ಮ್ಯೂಚುವಲ್ ಫಂಡಿಗೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಸೂಚನೆಯಂತೆ 2025ರಲ್ಲಿ ಬಂದ ‘ಮಿತ್ರ’ ಎಂಬ ಹುಡುಕುತಾಣ ಇದೆ. ಎಂಎಫ್ ಸೆಂಟ್ರಲ್ ಮೂಲಕ ಒಳಹೋಗಬಹುದು.

ಸಭಿಕರ ಪ್ರಶ್ನೆಗಳಿಂದ

*ಯಾರಿಗೂ ದುಡ್ಡು ಕೊಡುವ ಅಗತ್ಯವೇ ಇಲ್ಲವೇ?* ಕೆಲಸಕ್ಕೆ ತಕ್ಕ ಶುಲ್ಕ ಕೊಡಬೇಕಾದ ಸಂದರ್ಭಗಳಿವೆ. ಉತ್ತರಾಧಿಕಾರ ಪತ್ರ ಬೇಕೇ ಬೇಕಾದರೆ ವಕೀಲರು, ಕೋರ್ಟ್ ಶುಲ್ಕ. ಫಾರಂ ತುಂಬಲು ಕಷ್ಟವಾದರೆ ಪರಿಚಯದ ಆಡಿಟರ್ ಅಥವಾ ಕಂಪನಿ ಸೆಕ್ರೆಟರಿಗೆ ಇಂತಿಷ್ಟು ಎಂದು ಮೊದಲೇ ಮಾತಾಡಿ. ಶೇಕಡಾವಾರು ಒಪ್ಪಂದ ಬೇಡ. ಜನರಲ್ ಪವರ್ ಆಫ್ ಅಟಾರ್ನಿ, ಸಹಿ ಮಾಡಿದ ಖಾಲಿ ಫಾರಂ, ಮೂಲ ಷೇರು ಪತ್ರ, ಡಿಮ್ಯಾಟ್ ಖಾತೆಯ ಪಾಸ್‌ವರ್ಡ್ ಈ ನಾಲ್ಕನ್ನು ಯಾರ ಕೈಗೂ ಕೊಡಬೇಡಿ. ಕರೆ ಮಾಡಿದವರು ಕಂಪನಿಯ ಹೆಸರು ಹೇಳಿದ್ದರೆ ಆ ಸುಳಿವನ್ನು ನೀವೇ ಬಳಸಿಕೊಳ್ಳಲು ಅಡ್ಡಿಯಿಲ್ಲ. ಸಹಿ ಮಾಡದ ಒಪ್ಪಂದಕ್ಕೆ ನೀವು ಬದ್ಧರಲ್ಲ.

*ಮಗ ಅಮೆರಿಕದಲ್ಲಿದ್ದು ವಾಪಸ್ ಬಂದಿದ್ದಾನೆ. ಅಲ್ಲಿಯ ಹಳೇ ಸಂಬಳದ ಚೆಕ್, ಬಾಡಿಗೆ ಮನೆಯ ಮುಂಗಡ ಉಳಿದಿದ್ದರೆ?* ಅಲ್ಲಿ ಅಂಥ ಹಣ ಕೆಲವು ವರ್ಷಗಳ ನಂತರ ರಾಜ್ಯ ಸರ್ಕಾರದ ವಶಕ್ಕೆ ಹೋಗುತ್ತದೆ. ಹೋಗುವುದು ಕಂಪನಿಯ ದಾಖಲೆಯಲ್ಲಿದ್ದ ಕೊನೆಯ ವಿಳಾಸದ ರಾಜ್ಯಕ್ಕೆ. ವಿಳಾಸವೇ ಇಲ್ಲದಿದ್ದರೆ ಕಂಪನಿ ನೋಂದಣಿಯಾದ ರಾಜ್ಯಕ್ಕೆ, ಹಾಗಾಗಿ ಬಹಳಷ್ಟು ಕಂಪನಿಗಳು ನೋಂದಣಿಯಾಗುವ ಡೆಲವೇರ್ ರಾಜ್ಯದಲ್ಲೂ ಹುಡುಕುವುದು ಒಳ್ಳೆಯದು. ಮಿಸ್ಸಿಂಗ್‌ಮನಿ ಡಾಟ್ ಕಾಮ್ ಹಲವು ರಾಜ್ಯಗಳನ್ನು ಒಟ್ಟಿಗೆ ತೋರಿಸುತ್ತದೆ. ಅದರಲ್ಲಿ ಸಿಗದಿದ್ದರೆ ಇದ್ದ ಪ್ರತಿ ರಾಜ್ಯದ ಖಜಾನೆ ತಾಣದಲ್ಲೂ ನೋಡಬೇಕು. ಎಲ್ಲವೂ ಉಚಿತ. ಹಳೇ ವಿಳಾಸ ಇರುವ ಡಬ್ಲ್ಯು-2 ಫಾರಂ, ಬ್ಯಾಂಕ್ ಸ್ಟೇಟ್‌ಮೆಂಟ್, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಬೇಕಾಗುತ್ತದೆ. ಊರಿಗೆ ಬರುವಾಗ ಅವನ್ನು ಎಸೆದು ಬಂದವರಿಗೆ ಕಷ್ಟ. ಅಲ್ಲಿಯೂ ಹುಡುಕಿಕೊಡುವ ಏಜೆಂಟರಿದ್ದಾರೆ. ಕ್ಯಾಲಿಫೋರ್ನಿಯಾದ ಕಾನೂನು ಅವರ ಶುಲ್ಕವನ್ನು ಶೇಕಡಾ 10ಕ್ಕೆ ಮಿತಿಗೊಳಿಸಿದೆ. ನಮ್ಮಲ್ಲಿ ಅಂಥ ಮಿತಿ ಇಲ್ಲದಿರುವುದು ದೊಡ್ಡ ಕೊರತೆ, ಅದು ಬರಲೇಬೇಕು.

*ಬ್ಯಾಂಕ್ ಉತ್ತರವೇ ಕೊಡದಿದ್ದರೆ?* ಶಾಖೆಗೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ತೀರ್ಮಾನಿಸುವ ಅಧಿಕಾರಿ) ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ತಾಣದಲ್ಲಿ ದೂರು ಸಲ್ಲಿಸಬಹುದು; ಮಾಹಿತಿಗೆ 14448. ಕಂಪನಿ ಅಥವಾ ರಿಜಿಸ್ಟ್ರಾರ್ ತಡ ಮಾಡಿದರೆ ಸೆಬಿಯ ‘ಸ್ಕೋರ್ಸ್’ ದೂರು ತಾಣ, ಅಲ್ಲಿ 21 ದಿನದೊಳಗೆ ಕ್ರಮದ ವರದಿ ಕೊಡಬೇಕು. ವಿಮೆಗೆ ‘ಬೀಮಾ ಭರೋಸಾ’ ದೂರು ತಾಣ, ನಂತರ ಬೆಂಗಳೂರಿನಲ್ಲೇ ಇರುವ ವಿಮಾ ಒಂಬುಡ್ಸ್‌ಮನ್. ಪಿಎಫ್‌ಗೆ ಅವರದೇ ದೂರು ತಾಣ. ಯಾವುದಕ್ಕೂ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸೀಲು ಬಿದ್ದ ಅರ್ಜಿಯ ನಕಲು, ಸ್ಪೀಡ್ ಪೋಸ್ಟಿನ ರಸೀದಿ, ಶಾಖೆಯವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಅದೇ ದಿನ ನೀವು ಅವರಿಗೆ ಇಮೇಲಿನಲ್ಲಿ ಬರೆದು ಕಳಿಸಿದ ಪ್ರತಿ, ಇಷ್ಟನ್ನು ದೂರಿನ ಜೊತೆ ಲಗತ್ತಿಸಿ.